ನನ್ನ ಹಗ್ಗದಲ್ಲಿ ದಿಮ್ಮಿ ಎಳೆದವರು ಉತ್ತರ ಕೊಡಲಿ

ನಾನು ಕಾಫಿ ತೋಟದಲ್ಲಿ ಮರ ಹತ್ತಿ ಕೊಂಬೆ ಕಡಿಯುವವನು. ಹತ್ತಲು ಬಳಸುವ ನನ್ನ ಹಗ್ಗ ಮುಟ್ಟಬೇಡಿ ಎಂದು ಜೊತೆಯವರಿಗೆ ಎಷ್ಟು ಸಲ ಹೇಳಿದ್ದೇನೆ? ಬೇಕಾದರೆ ನನ್ನ ಬುತ್ತಿ ತಿನ್ನಿ, ಬೈಕ್ ಒಯ್ಯಿರಿ, ಕೆಂಪು ಚೀಲದೊಳಗಿನ ಹಗ್ಗ ಒಂದನ್ನು ಮಾತ್ರ ಮುಟ್ಟಬೇಡಿ. ಇಷ್ಟೇ ನಾನು ಕೇಳಿಕೊಂಡದ್ದು. ಇವತ್ತು ಬೆಳಿಗ್ಗೆ ನೋಡಿದರೆ ಚೀಲ ಬರಿದು. ಹಗ್ಗ ಪಿಕಪ್ಪಿನ ಹಿಂಬದಿಯ ಕೊಕ್ಕೆಯಲ್ಲಿ ಕೆಸರು ಮೆತ್ತಿಕೊಂಡು ನೇತಾಡುತ್ತಿತ್ತು. ಶನಿವಾರ ಸಂಜೆ ಅತ್ತಿ ಮರದ ದಿಮ್ಮಿಯನ್ನು ಅದರಲ್ಲಿ ಕಟ್ಟಿ ಹಳ್ಳದಿಂದ ಮೇಲಕ್ಕೆ ಎಳೆದಿದ್ದಾರೆ. ಗೋದಾಮಿನಲ್ಲಿ ಬಿಟ್ಟು ಹೋದದ್ದು ನಿನ್ನ ತಪ್ಪು ಎನ್ನುತ್ತಾರೆ. ಹೌದು, ಬಿಟ್ಟಿದ್ದೆ. ತೋಟದ ಲೆಕ್ಕ ಬರೆಯುವ ರೈಟರ ಛತ್ರಿಯೂ ಅಲ್ಲೇ ಇತ್ತಲ್ಲ, ಅದನ್ನು ಯಾರಾದರೂ ಗೂಟ ಹೊಡೆಯಲು ಬಳಸಿದರೇ?

50 ಮೀಟರ್ ಉದ್ದ, 11 ಮಿಲಿಮೀಟರ್ ದಪ್ಪ. ಎರಡು ವರ್ಷದ ಮರಗಸಿಯ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸದ, ಕೂಲಿಯಲ್ಲಿ ಉಳಿಸಿ ತರಿಸಿದ್ದು. ಹಗ್ಗವಿಲ್ಲದೆ ಹತ್ತುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಅದು ದಿಮ್ಮಿ ಎಳೆಯುವ ಹಗ್ಗವಲ್ಲ, ನನ್ನನ್ನು ಹೊರುವ ಹಗ್ಗ. ಹೋದ ತಿಂಗಳು ನನ್ನ ಯಂತ್ರದ ಗರಗಸವನ್ನು ಕೇಳಿ ಪಡೆದು ಮಣ್ಣು ಹತ್ತಿದ ಬುಡಕ್ಕೆ ಹಾಕಿ ಹಲ್ಲು ಮೊಂಡಾಗಿಸಿ ತಂದುಕೊಟ್ಟಾಗ ನಾನು ತುಟಿ ಬಿಚ್ಚಲಿಲ್ಲ. ರಾತ್ರಿ ಕೂತು ದುಂಡನೆಯ ಅರ ಹಿಡಿದು ಒಂದೊಂದು ಹಲ್ಲನ್ನೂ 30 ಡಿಗ್ರಿ ಕೋನಕ್ಕೆ ತಂದೆ. ಗರಗಸದ ಹಲ್ಲನ್ನು ಮತ್ತೆ ಮಸೆಯಬಹುದು. ಹಗ್ಗವನ್ನು ಮಸೆಯಲಾಗುತ್ತದೆಯೇ?

ಹತ್ತು ಗಂಟೆಗೆ ಎಲ್ಲರೂ ಸಿಲ್ವರ್ ಓಕ್ ಬುಡದಲ್ಲಿ ಕಾಫಿಗೆ ಕೂತಿದ್ದರು. ನಾನು ಸೊಂಟಕ್ಕೂ ತೊಡೆಗೂ ಬೆಲ್ಟ್ ಬಿಗಿದುಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಹಗ್ಗವನ್ನು ಒಂದು ತುದಿಯಿಂದ ಗೇಣುಗೇಣಾಗಿ ಬೆರಳಿನ ನಡುವೆ ಹಾಯಿಸುತ್ತಾ ನಿಂತಿದ್ದೆ. "ಸ್ವಾಮಿಗಳು ಜಪ ಎಣಿಸುತ್ತಿದ್ದಾರೆ, ಸದ್ದು ಮಾಡಬೇಡಿ" ಎಂದ ಒಬ್ಬ. ಅದಕ್ಕೆ ನನಗೆ ಬೇಸರವಿಲ್ಲ. ನನ್ನ ಬೆಲ್ಟಿಗೆ ಲಂಗೋಟಿ ಎಂದು ಹೆಸರಿಟ್ಟವರೂ ಅವರೇ. ನಾನೂ ಅವರನ್ನು ಬಿಡುವವನಲ್ಲ. ಕೆಣಕಾಟವಿಲ್ಲದೆ ನಮ್ಮ ಕೆಲಸ ಸಾಗುವುದೇ ಇಲ್ಲ. 60 ಅಡಿ ಮೇಲೆ ಗಾಳಿಗೆ ತೂಗುತ್ತಾ ಕೂತವನಿಗೆ ಕೆಳಗಿನಿಂದ ಬರುವ ಬೈಗುಳವೇ ಧೈರ್ಯ.

ಎರಡು ಮಾರು ದಾಟಿದ ಮೇಲೆ ಒಂದು ಕಡೆ ಹೆಣಿಗೆಯೊಳಗಿನ, ಭಾರ ಹೊರುವ ತಿರುಳೇ ಬೆರಳಿಗೆ ಸಿಗಲಿಲ್ಲ. ಒಳ್ಳೆಯ ಹಗ್ಗವನ್ನು ಬಗ್ಗಿಸಿದರೆ ಬಳೆಯ ಹಾಗೆ ದುಂಡಗೆ ಬಾಗುತ್ತದೆ. ಇದು ಅಲ್ಲಿ ಮಾತ್ರ ಕಾಗದದಂತೆ ಮಡಚಿಕೊಂಡಿತು. ಹೊರಗಿನ ಹೆಣಿಗೆ ಹರಿದಿರಲಿಲ್ಲ. ಮೇಸ್ತ್ರಿಗೆ ತೋರಿಸಿ, ಇದರಲ್ಲಿ ಹತ್ತಲಾರೆ ಎಂದೆ.

ಅವರು ಲೋಟ ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು. "ಈ ಹಗ್ಗ ಎರಡು ಟನ್ ತಡೆಯುತ್ತದೆ ಎಂದು ನೀನೇ ಹೇಳಿದ್ದಲ್ಲವೇನಯ್ಯಾ? ದಿಮ್ಮಿ ಒಂದು ಟನ್ನೂ ಇರಲಿಲ್ಲ. ನೀನು ಅದಕ್ಕಿಂತ ಭಾರವೇನು?"

ಎಲ್ಲರೂ ನಕ್ಕರು. ನನ್ನ ಮಾತನ್ನೇ ತಂದು ನನ್ನ ಮುಖಕ್ಕೆ ಎರಚಿದ್ದರು, ನಾಲಿಗೆ ಏಳಲಿಲ್ಲ. ನಗು ನಿಲ್ಲುವುದನ್ನೇ ಕಾದು ಮುಂದುವರಿಸಿದರು. "ಹೆದರಿಕೆಯಾದರೆ ಹೇಳಿಬಿಡು. ಕೆಳಗೆ ಸೊಪ್ಪು ಎಳೆದು ಹಾಕು, ಹೆಣ್ಣಾಳಿನ ಸಂಬಳ ಬರೆಸುತ್ತೇನೆ." ಸೊಪ್ಪು ಎಳೆಯುತ್ತಿದ್ದ ಹೆಂಗಸರು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದರು. ಅವರಲ್ಲಿ ಯಾರೂ ನಗಲಿಲ್ಲ. ಒಬ್ಬ ಅಕ್ಕ ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಇಳಿಸದೆ ನನ್ನನ್ನೇ ನೋಡುತ್ತಿದ್ದರು. ಒಂದೇ ಮಾತಿನಲ್ಲಿ ಅವರಿಗೂ ನನಗೂ ಸೇರಿಸಿ ಹೊಡೆದ ಹಾಗಾಯಿತು. ನಾನು ಬೆಲ್ಟ್ ಬಿಚ್ಚಲೂ ಆಗದೆ, ಹತ್ತಲೂ ಆಗದೆ, ಹಗ್ಗದ ಆ ಮಡಿಕೆಯನ್ನು ಹಿಡಿದುಕೊಂಡೇ ನಿಂತಿದ್ದೆ.

ಉತ್ತರ ಈಗ ಹೇಳುತ್ತೇನೆ, ಕೇಳಿ. ಎರಡು ಟನ್ ಎನ್ನುವುದು ಹೊಸ ಹಗ್ಗವನ್ನು ಗಂಟಿಲ್ಲದೆ ಯಂತ್ರಕ್ಕೆ ಕಟ್ಟಿ ನಿಧಾನವಾಗಿ ಎಳೆದಾಗಿನ ಲೆಕ್ಕ. ಗಂಟು ಹಾಕಿದರೆ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ದಿಮ್ಮಿ ಬಂಡೆಗೆ ಸಿಕ್ಕಿಕೊಂಡು ಗಾಡಿ ಜಗ್ಗಿದಾಗ ಅದರ ಮೇಲೆ ಎಷ್ಟು ಭಾರ ಬಿತ್ತು ಎಂದು ಯಾರು ಅಳೆದರು? ಕೆಸರಿನ ಮರಳು ಹೆಣಿಗೆಯ ಸಂದಿಯಲ್ಲಿ ಇಳಿದು ಹಗ್ಗ ಬಾಗಿದಾಗಲೆಲ್ಲ ಎಳೆಗಳನ್ನು ಕೊಯ್ಯುತ್ತದೆ. ಅದು ಸಾಲದೆಂದು ಎರಡು ರಾತ್ರಿ ಅದರ ಉಳಿದ ಭಾಗವನ್ನು ಪಿಕಪ್ಪಿನಲ್ಲಿ ಹಳೆಯ ಬ್ಯಾಟರಿಯ ಪಕ್ಕ ಎಸೆದಿದ್ದರು. ಬ್ಯಾಟರಿಯ ಆಸಿಡ್ ತಾಗಿದ ನೈಲಾನ್ ಹೊರಗೆ ಏನನ್ನೂ ತೋರಿಸದೆ ಒಳಗೇ ಸಾಯುತ್ತದೆ.

ಕೊನೆಗೆ ಹತ್ತಿದ್ದು ನಮ್ಮ ಗುಂಪಿನ ಒಬ್ಬ ಹುಡುಗ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಒಂಟಿ ಬಿದಿರಿನ ಏಣಿಯಲ್ಲಿ ಏರಿ, ಅಲ್ಲಿಂದ ಮೇಲೆ ಬರಿಗಾಲಲ್ಲಿ ಹೋದ. ಎಡಗೈಯಲ್ಲಿ ಕೊಂಬೆ, ಬಲಗೈಯಲ್ಲಿ ಓಡುತ್ತಿರುವ ಗರಗಸ. ಗರಗಸದ ಪಟ್ಟಿಯ ಮೂತಿಯ ಮೇಲ್ತುದಿ ಎಲ್ಲಾದರೂ ತಾಗಿದರೆ ಗರಗಸ ತಿರುಗಿ ಮುಖಕ್ಕೇ ಬರುತ್ತದೆ, ಅದಕ್ಕೇ ಎರಡೂ ಕೈ ಬೇಕು. ಸಿಲ್ವರ್ ಓಕ್ ಕೊಂಬೆಯಂತೂ ಹೇಳದೆ ಕೇಳದೆ ಮುರಿಯುತ್ತದೆ. ಅವನು ಇಳಿದು ಬರುವ ತನಕ ನಾನು ಕತ್ತು ಕೆಳಗಿಳಿಸಲಿಲ್ಲ. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಏನೂ ಆಗದಿದ್ದದ್ದೇ ಅವರಿಗೆ ಸಾಕ್ಷಿಯಾಯಿತು. "ನೋಡಿದೆಯಾ?" ಎಂದರು ಮೇಸ್ತ್ರಿ. ಏನನ್ನು ನೋಡಬೇಕಿತ್ತು ನಾನು?

ನಾಳೆಯಿಂದ ಆ ತೋಟಕ್ಕೆ ಕಾಲಿಡುವುದಿಲ್ಲ. ಇಡದೆ ಎಲ್ಲಿಗೆ ಹೋಗಲಿ? ಮಳೆ ಹಿಡಿಯಲು ಹೆಚ್ಚೆಂದರೆ ಮೂರು ವಾರ. ಮೂಡಿಗೆರೆ ಸುತ್ತಮುತ್ತ ಯಾವ ತೋಟಕ್ಕೆ ಹೋದರೂ ಇದೇ ಮಾತು, ಇದೇ ಏಣಿ. ಕೆಲವು ಕಡೆ ಬಿದಿರಿನ ಬದಲು ಅಲ್ಯೂಮಿನಿಯಂ ಏಣಿ ಬಂದಿದೆ, ಅದು ವಿದ್ಯುತ್ ತಂತಿಗೆ ತಾಗಿ ಸತ್ತವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ತೋಟದ ಒಂದು ಬೀಟೆ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಒಬ್ಬ ಹುಡುಗನನ್ನು ಬರಿಗಾಲಲ್ಲಿ ಮರ ಹತ್ತಿಸುವಾಗ ಯಾವ ಕಚೇರಿಯವರು ಬಂದು ಕೇಳಿದ್ದಾರೆ? ಸಾಹುಕಾರರೇ ಹೇಳಲಿ, ಮೇಸ್ತ್ರಿಯೇ ಹೇಳಲಿ, ಮರ ಹತ್ತುವ ಬೇರೆ ಯಾರಾದರೂ ಹೇಳಲಿ: ನಾನು ಹತ್ತಲಾರೆ ಎಂದದ್ದು ತಪ್ಪೇ? ಕೆಟ್ಟಿರುವ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಳಸಬಹುದು ಎಂದು ಒಬ್ಬ ಸಮಾಧಾನ ಹೇಳಿದ. ಆಸಿಡ್ ಎಲ್ಲಿಯವರೆಗೆ ಹರಿದಿದೆ ಎಂದು ಅವನು ಬರೆದುಕೊಡುತ್ತಾನೆಯೇ?

ಹಗ್ಗ ಈಗ ಅಂಗಳದಲ್ಲಿ ಬಿದ್ದಿದೆ. ಸಂಜೆ ಮಗ ಅದನ್ನು ನೋಡಿ, ಅಪ್ಪಾ, ಹೇಗೂ ಹಾಳಾಗಿದೆಯಲ್ಲ, ಮಾವಿನ ಮರಕ್ಕೆ ಜೋಕಾಲಿ ಕಟ್ಟಿಕೊಡು ಎಂದ. ಅಳುವ ತನಕ ಹಟ ಮಾಡಿದ. ಕೊಡಲಿಲ್ಲ. ಮೇಸ್ತ್ರಿಯ ಫೋನ್ ಎರಡು ಸಲ ಬಂತು, ಅದನ್ನೂ ಎತ್ತಿಲ್ಲ.