ಗೊತ್ತಿದ್ದೂ ಸುಮ್ಮನಿರುವ ನಮ್ಮ ಸಿಸ್ಟರ್‌ಗಳು

2021ರ ಜನವರಿ. ಕೋವಿಡ್ ಜೋರಾಗಿದ್ದ ಕಾಲ. ಅಪೆಂಡಿಕ್ಸ್ ಆಪರೇಷನ್ ಆಗಿ, ನಾನಿರುವ ಇಂಗ್ಲೆಂಡಿನ ಲೆಸ್ಟರ್‌ನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ರೌಂಡ್ಸ್‌ಗೆ ದೊಡ್ಡ ಡಾಕ್ಟರು ಬಂದರು. ನನ್ನ ಹೊಟ್ಟೆ ಮುಟ್ಟುವ ಮೊದಲೇ ನರ್ಸ್ ಅವರನ್ನು ತಡೆದರು. ವಾಚ್ ಬಿಚ್ಚಿ, ಕೈ ತೊಳೆದುಕೊಂಡು ಬನ್ನಿ ಅಂದರು. ಡಾಕ್ಟರು ಸಾರಿ ಕೇಳಿ, ವಾಚನ್ನು ಜೇಬಿಗೆ ಹಾಕಿಕೊಂಡು ಸಿಂಕಿನ ಕಡೆ ನಡೆದರು. ಯಾರೂ ಮುಖ ಗಂಟಿಕ್ಕಲಿಲ್ಲ.

ರೋಗಿಯನ್ನು ಮುಟ್ಟುವವರ ಮೊಣಕೈ ಕೆಳಗೆ ಅಂಗಿಯ ತೋಳು, ವಾಚು ಇರಬಾರದು ಅನ್ನುವ ನಿಯಮ ಇಂಗ್ಲೆಂಡಿನಲ್ಲಿ 2007ರಿಂದಲೂ ಇದೆ. ನನಗೆ ಆಶ್ಚರ್ಯವಾದದ್ದು ನಿಯಮವಲ್ಲ, ಅದನ್ನು ಡಾಕ್ಟರಿಗೆ ಹೇಳಿದವರು. ಆಕೆ ಕೋಟ್ಟಯಂನವರು, ನರ್ಸಿಂಗ್ ಓದಿದ್ದು ನಮ್ಮ ಮಂಗಳೂರಿನಲ್ಲಿ. ಅಲ್ಲಿಯೂ ಹೀಗೆ ಹೇಳುತ್ತಿದ್ದಿರಾ ಎಂದು ಕೇಳಿದೆ. "ಇದೆಲ್ಲ ಕಲಿತಿದ್ದೇ ಅಲ್ಲಿ. ಆದ್ರೆ ಹೇಳೋಕೆ ಧೈರ್ಯ ಎಲ್ಲಿತ್ತು?" ಅಂದರು, ಕನ್ನಡದಲ್ಲೇ.

ರೋಗಿಗೆ ಅಪಾಯ ಕಂಡರೆ ಸುಮ್ಮನಿರಬಾರದು ಎಂದು ಇಲ್ಲಿನ ನರ್ಸಿಂಗ್ ಕೌನ್ಸಿಲ್ ನಿಯಮಾವಳಿಯಲ್ಲೇ ಬರೆದಿದೆ. ಹಾಗಾಗಿ ಮಾತಾಡುವುದೂ ಕೆಲಸದ ಭಾಗ.

ನಮ್ಮ ಸಿಸ್ಟರ್‌ಗಳಿಗೆ ತಿಳಿವಳಿಕೆ ಸಾಲದು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಚಿಕ್ಕಮ್ಮನ ಮಗಳು ಶಿವಮೊಗ್ಗದ ಕಡೆ ಸ್ಟಾಫ್ ನರ್ಸ್. ಪಿಪಿಇ ಕಿಟ್ ಹಾಕುವಾಗಿನದಕ್ಕಿಂತ ಬಿಚ್ಚುವಾಗ ಸೋಂಕು ತಗಲುವ ಭಯ ಜಾಸ್ತಿ ಎಂದು ನನಗೆ ಹೇಳಿಕೊಟ್ಟವಳು ಅವಳು. ಮೊದಲು ಗ್ಲೌಸು, ಆಮೇಲೆ ಗೌನು, ಕನ್ನಡಕ, ಕೊನೆಗೆ ಮಾಸ್ಕು, ನಡುನಡುವೆ ಕೈ ಶುಚಿ. ಎನ್95 ಮಾಸ್ಕು ಸಾಲದೆ ಪೇಪರ್ ಕವರಿನಲ್ಲಿಟ್ಟು ಸರದಿಯ ಮೇಲೆ ಹಾಕಿಕೊಳ್ಳುತ್ತಿದ್ದಳು.

ಅದೇ ವರ್ಷ ಮೇ ತಿಂಗಳಲ್ಲಿ ಅಪ್ಪ ಊರಿನ ಖಾಸಗಿ ಆಸ್ಪತ್ರೆ ಸೇರಿದರು. ಆಕ್ಸಿಜನ್ ಕೊಡುತ್ತಿದ್ದರೂ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಬರೀ 88. ಬೋರಲು ಮಲಗಿಸಬಹುದಲ್ವಾ ಎಂದು ವಿಡಿಯೋ ಕಾಲಿನಲ್ಲಿ ಸಿಸ್ಟರನ್ನು ಕೇಳಿದೆ. "ಮಲಗಿಸಿದ್ರೆ ಒಳ್ಳೇದೇ ಸರ್. ಡಾಕ್ಟರ್ ಬರ್ಲಿ." ಅವರು ಬರುವುದು ಸಂಜೆಗೆ. ಬೋರಲು ಮಲಗಿದರೆ ಶ್ವಾಸಕೋಶದ ಹಿಂಭಾಗಕ್ಕೂ ಚೆನ್ನಾಗಿ ಗಾಳಿಯಾಡುತ್ತದೆ. ಉಸಿರಾಟ ಕಷ್ಟವಾದರೆ ಮನೆಯಲ್ಲೇ ಹೀಗೆ ಮಲಗಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲೇ ಜನರಿಗೆ ತಿಳಿಸಿತ್ತು. ಮನೆಯಲ್ಲೇ ಮಾಡಬಹುದಾದದ್ದನ್ನು ಆಸ್ಪತ್ರೆಯಲ್ಲಿ ಓದಿದ ನರ್ಸು ಮಾಡುವಂತಿಲ್ಲ!

ಕೊನೆಗೆ ತಂಗಿಯೇ ಅಪ್ಪನ ಮೊಬೈಲಿಗೆ ಫೋನ್ ಮಾಡಿದಳು. "ದೊಡ್ಡಪ್ಪ, ನಿಧಾನಕ್ಕೆ ಬೋರಲಾಗಿ. ಎದೆ ಕೆಳಗೆ ದಿಂಬು ಇಟ್ಕೊಳ್ಳಿ. ನಾನು ಹೇಳಿದ್ದು ಅಂತ ಅಲ್ಲಿ ಯಾರಿಗೂ ಹೇಳ್ಬೇಡಿ." ಸ್ವಲ್ಪ ಹೊತ್ತಿಗೆ ಸ್ಯಾಚುರೇಶನ್ 93 ಆಯಿತು. ಅಪ್ಪ ಹುಷಾರಾಗಿ ಮನೆಗೂ ಬಂದರು. ಆದರೆ ಸರಿಯಾದ ಮಾತನ್ನು ನನ್ನ ತಂಗಿ ಕದ್ದು ಹೇಳಬೇಕಾಯಿತಲ್ಲ, ಅದು ಇವತ್ತಿಗೂ ಸಂಕಟ.

ಇದನ್ನೆಲ್ಲ ಅವಳ ಹತ್ತಿರ ಹೇಳಿದರೆ ಬೈಯುತ್ತಾಳೆ. "ಅಣ್ಣ, ರಾತ್ರಿ ಇಡೀ ವಾರ್ಡಿಗೆ ಇಬ್ಬರೇ ಇರ್ತೀವಿ. ಬೋರಲು ಹಾಕಿದವರ ಪಕ್ಕ ನಿಂತು ನೋಡ್ಕೊಳ್ಳೋರು ಯಾರು? ಏನಾದ್ರೂ ಆದ್ರೆ ಜನ ಮೊದಲು ಹೊಡೆಯೋದು ನಮಗೇ." ಅದೂ ನಿಜ. ಇಂಗ್ಲೆಂಡಿನ ಐಸಿಯುಗಳಲ್ಲಿ ತೀರಾ ಗಂಭೀರವಾಗಿರುವ ಒಬ್ಬ ರೋಗಿಗೆ ಮಾಮೂಲಿಯಾಗಿ ಒಬ್ಬ ನರ್ಸ್. ಕೋವಿಡ್ ಉಲ್ಬಣಿಸಿದಾಗ ಇಲ್ಲಿಯೂ ಆ ಲೆಕ್ಕ ಕೆಟ್ಟಿತ್ತು. 2020ರ ವಸಂತದಲ್ಲಿ ಗೌನು ಸಿಗದೆ ಕಸದ ಚೀಲ ತೊಟ್ಟ ನರ್ಸುಗಳ ಫೋಟೋ ಪತ್ರಿಕೆಗಳಲ್ಲಿ ಬಂದಿತ್ತು. ಪ್ರಾಣ ಕಳೆದುಕೊಂಡ ಸಿಬ್ಬಂದಿಯಲ್ಲಿ ಹೊರದೇಶಗಳಿಂದ ಬಂದವರು ತುಂಬಾ ಜನ. ಬಾಯಿ ಬಿಟ್ಟು ಕೇಳುವ ಹಕ್ಕಿದ್ದರೂ ಗೌನು ಬರಲಿಲ್ಲ.

ಆದರೂ ಅಪ್ಪನನ್ನು ಬೋರಲು ಮಲಗಿಸಲು ಸಂಜೆಯವರೆಗೆ ಕಾಯಬೇಕಿತ್ತಾ? ಇಂಥದ್ದನ್ನು ನರ್ಸೇ ತೀರ್ಮಾನಿಸಬಹುದು ಎಂದು ಆಸ್ಪತ್ರೆಯವರು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ವಾರ್ಡಿನಲ್ಲಿ ಅಂಟಿಸಲಿ. ತಂಗಿ ಈಗ ಇಲ್ಲಿಗೆ ಬರಲು ಒಇಟಿಗೆ, ಅಂದರೆ ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆಗೆ, ಓದುತ್ತಿದ್ದಾಳೆ. ಅಂಥ ಹಾಳೆ ಅಂಟಿಸಿದ ದಿನ ಅರ್ಜಿ ವಾಪಸ್ ತಗೊಳ್ತೀನಿ ಅನ್ನುತ್ತಾಳೆ.