ಅವನೂ ಔಟ್ ಆಗಲಿ ಬಿಡಿ

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಅಲ್ಲೆಲ್ಲ ಇಂಥ ಮಕ್ಕಳನ್ನ ತುಂಬಾ ಚೆನ್ನಾಗಿ ನೋಡ್ಕೋತಾರಂತೆ, ಅಲ್ವಾ?" ಇಂಥ ಮಕ್ಕಳು ಅಂದರೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ನನ್ನ ಅಕ್ಕನ ಮಗನಂಥವರು. ಅಲ್ಲಿ ಅಂದರೆ ನಾನಿರುವ ಇಟಲಿಯ ಟ್ಯೂರಿನ್. ನೋಡಿಕೊಳ್ಳುವ ವಿಷಯದಲ್ಲಿ ಕೊಡಗಿನವರು ಯಾರಿಗೂ ಕಮ್ಮಿ ಇಲ್ಲ. ಸೋಮವಾರಪೇಟೆ ಕಡೆಯ ನಮ್ಮೂರಲ್ಲಿ ಆ ಹುಡುಗ ಯಾರ ಮನೆಗೆ ಹೋದರೂ ಏನಾದರೂ ತಿನ್ನಿಸದೆ ಕಳಿಸುವುದಿಲ್ಲ. ಅವನು ಯಾರ ಮಗ, ಎಲ್ಲಿ ಇಳಿಸಬೇಕು ಅಂತ ಬಸ್ ಕಂಡಕ್ಟರ್‌ಗೂ ಗೊತ್ತು. ಟ್ಯೂರಿನ್‌ನಲ್ಲಿ ಎದುರು ಮನೆಯವರ ಹೆಸರು ತಿಳಿಯುವುದಕ್ಕೇ ವರ್ಷ ಬೇಕು. ನನಗೆ ವ್ಯತ್ಯಾಸ ಕಾಣುವುದು ಮಕ್ಕಳ ಆಟದಲ್ಲಿ.

ಕೊಯ್ಲು ಶುರುವಾಗುವ ಮೊದಲು ಕಾಫಿ ಕಣ ಖಾಲಿ ಇರುತ್ತದಲ್ಲ, ಆಗ ಊರ ಮಕ್ಕಳಿಗೆಲ್ಲ ಅದೇ ಮೈದಾನ. ತೋಟದ ಮನೆಯವರು, ತೋಟದ ಕೆಲಸಗಾರರ ಲೈನ್ ಮನೆಯವರು ಎಲ್ಲ ಸೇರುತ್ತಾರೆ. ಕನ್ನಡ, ತಮಿಳು, ಮಲಯಾಳ, ಈಗೀಗ ಅಸ್ಸಾಮಿ ಕೂಡ ಕೇಳಿಸುತ್ತದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಲಗೋರಿ ನಿಲ್ಲುವುದಿಲ್ಲ. ಅಕ್ಕನ ಮಗನೂ ಅವರ ಜೊತೆಗೇ. ಯಾರೂ ಅವನನ್ನು ಓಡಿಸುವುದಿಲ್ಲ, ಅಣಕಿಸುವುದೂ ಕಮ್ಮಿ. ಆದರೆ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಟೀಮ್ ಹಂಚುವಾಗ ಅವನ ಸರದಿ ಕೊನೆಗೆ, ಅದೂ "ಇವನನ್ನ ನೀವೇ ಇಟ್ಕೊಳ್ಳಿ" ಅಂತ. ಚೆಂಡು ತಾಗಿದರೆ ಔಟ್ ಇಲ್ಲ. ಕಲ್ಲು ಜೋಡಿಸಿದರೆ ಪಾಯಿಂಟೂ ಇಲ್ಲ.

ಕಳೆದ ಸಲ ಹೋದಾಗ ಕಣದ ಅಂಚಲ್ಲಿ ಕೂತು ನೋಡುತ್ತಿದ್ದೆ. ಚೆಂಡು ಸರಿಯಾಗಿ ಅವನ ಬೆನ್ನಿಗೆ ಬಿತ್ತು. ಯಾರೂ ಏನೂ ಅನ್ನಲಿಲ್ಲ, ಆಟ ಮುಂದುವರಿಯಿತು. ಅವನು ಮಾತ್ರ ನಿಂತುಬಿಟ್ಟ. ಬೆನ್ನು ಮುಟ್ಟಿ ನೋಡಿಕೊಂಡ. "ಔಟ್" ಅಂದ. "ಇಲ್ಲ ಕಣೋ, ನೀನು ಔಟ್ ಆಗಲ್ಲ, ಆಡು" ಅಂತ ದೊಡ್ಡ ಹುಡುಗಿಯೊಬ್ಬಳು ಕೈ ಹಿಡಿದು ಎಳೆದಳು. ಅವನು ಕೈ ಬಿಡಿಸಿಕೊಂಡು ಬಂದು, ಆಗಲೇ ಔಟ್ ಆಗಿ ಕೂತಿದ್ದ ಇಬ್ಬರ ಪಕ್ಕ ಕೂತ. ಅವರು ಮುಂದಿನ ಆಟಕ್ಕೆ ಎದ್ದಾಗ ಇವನೂ ಎದ್ದ. ಪಾಪ ಅಂತ ಕೊಟ್ಟ ರಿಯಾಯಿತಿ ಅವನಿಗೆ ಬೇಕಾಗಿರಲಿಲ್ಲ. ಏನೂ ಗೊತ್ತಾಗಲ್ಲ ಅಂತ ನಾವು ಹೇಳುವ ಹುಡುಗನಿಗೆ ತನ್ನನ್ನು ಲೆಕ್ಕಕ್ಕೆ ಹಿಡಿದಿಲ್ಲ ಅನ್ನುವುದು ಚೆನ್ನಾಗಿಯೇ ಗೊತ್ತಿತ್ತು.

ಇಟಲಿಯಲ್ಲಿ ವಿಶೇಷ ಶಾಲೆಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1977ರಲ್ಲಿ ಬಂದ 517ನೇ ಕಾನೂನಿನಿಂದ ಅಂಗವೈಕಲ್ಯ ಇರುವ ಮಕ್ಕಳೂ ಎಲ್ಲರ ಜೊತೆ ಒಂದೇ ಕ್ಲಾಸಿಗೆ ಬಂದರು. ಅಂಥ ಮಗು ಇರುವ ಕ್ಲಾಸಿಗೆ ಇನ್ನೊಬ್ಬ ಟೀಚರ್ ಕೊಡುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅವರು ಆ ಒಂದು ಮಗುವಿಗೆ ಮಾತ್ರ ಅಲ್ಲ, ಇಡೀ ಕ್ಲಾಸಿಗೆ ಟೀಚರ್. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ, 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣ ಸಿಗಬೇಕು. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಮ್ಮದು.

ಕೊಡಗಿನಲ್ಲಿ ಆ ಆಯ್ಕೆ ಮಾಡುವುದು ಬಸ್ಸು ಮತ್ತು ಮಳೆ. ಸುಂಟಿಕೊಪ್ಪದಲ್ಲಿ 'ಸ್ವಸ್ಥ'ದಂಥ ವಿಶೇಷ ಶಾಲೆ ಇದೆ, ಸರಿ. ಜಿಲ್ಲೆಯ ಇನ್ನೊಂದು ತುದಿಯ ಕುಟ್ಟದವರು, ಬಿರುನಾಣಿಯವರು ದಿನಾ ಅಲ್ಲಿಗೆ ಹೋಗಿ ಬರುವುದುಂಟಾ? ನಡೆಯಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ, ಇಂಥ ಮಕ್ಕಳಿಗೆಂದೇ ಇರುವ ತಾಲೂಕಿನ ಟೀಚರ್ (ಬಿಐಇಆರ್‌ಟಿ) ಬಂದು ಹೋಗುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಆ ಗುಡ್ಡಗಳನ್ನು ಹತ್ತಿ ಇಳಿಯುವವರ ಬಗ್ಗೆ ನನಗೆ ಗೌರವ ಇದೆ. ಆದರೆ ಮನೆಗೆ ಪಾಠ ಬರಬಹುದು, ಜೊತೆಗೆ ಜಗಳವಾಡುವವರು ಬರುವುದಿಲ್ಲ.

ಈ ಜಗಳದ ವಿಷಯ ಸ್ವಲ್ಪ ಹೇಳಬೇಕು. ನನ್ನ ಮಗಳ ಕ್ಲಾಸಿನಲ್ಲಿ ಆಟಿಸಂ ಇರುವ ಹುಡುಗನೊಬ್ಬ ಇದ್ದಾನೆ. ಮಾತಾಡುವುದಿಲ್ಲ, ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದು ಹೇಳುತ್ತಾನೆ. ಅವರು ಆಡುವ ಒಂದು ಆಟ ನಮ್ಮ ನಾಯಿ-ಮೂಳೆಯೇ: ಎರಡು ತಂಡ, ಎಲ್ಲರಿಗೂ ಒಂದೊಂದು ನಂಬರ್, ನಂಬರ್ ಕರೆದಾಗ ಎರಡೂ ಕಡೆಯಿಂದ ಒಬ್ಬೊಬ್ಬರು ಓಡಿ ಬಂದು ಕರ್ಚೀಫ್ ಕಸಿಯಬೇಕು. ಗಲಾಟೆ ಜಾಸ್ತಿಯಾದರೆ ಆ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ. ಅದಕ್ಕೇ ಈಗ ನಂಬರ್ ಕೂಗುವುದೇ ಇಲ್ಲ, ದೊಡ್ಡ ಕಾರ್ಡ್ ಎತ್ತಿ ತೋರಿಸುತ್ತಾರೆ. ಅವನಿಗೊಬ್ಬನಿಗೇ ಅಲ್ಲ, ಎಲ್ಲರಿಗೂ. ಹಾಗಾಗಿ ಅವನ ಕರ್ಚೀಫೂ ಲೆಕ್ಕಕ್ಕೆ ಬರುತ್ತದೆ. ಒಂದು ದಿನ ಅವನು ಕರ್ಚೀಫ್ ಹಿಡಿದು, ಓಡುವುದು ಬಿಟ್ಟು ಅದರ ಅಂಚನ್ನೇ ನೋಡುತ್ತಾ ನಿಂತನಂತೆ. ಎದುರಿನವಳು ಬಂದು ಮುಟ್ಟಿದಳು, ಪಾಯಿಂಟ್ ಹೋಯಿತು. ಮಗಳು ಮನೆಗೆ ಬಂದವಳೇ ಬ್ಯಾಗ್ ಎಸೆದು ಗೊಣಗಿದಳು: "ಅವನಿಂದ ಸೋತ್ವಿ ಅಪ್ಪಾ." ನನಗೆ ಒಳಗೊಳಗೇ ಖುಷಿ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಅವನು ಅವಳಿಗೆ ಸರೀಕನಾಗಿದ್ದಾನೆ.

ಹಾಗಂತ ಇಲ್ಲಿ ಎಲ್ಲ ಚಂದ ಅಂತ ತಿಳಿಯಬೇಡಿ. ಹೆಚ್ಚುವರಿ ಟೀಚರ್ ವರ್ಷ ವರ್ಷ ಬದಲಾಗುತ್ತಾರೆ, ಎಷ್ಟೋ ಜನಕ್ಕೆ ಅದರ ತರಬೇತಿಯೇ ಇಲ್ಲ ಅನ್ನುವುದು ಇಲ್ಲಿನ ಅಪ್ಪ ಅಮ್ಮಂದಿರ ಹಳೆಯ ದೂರು. ಕೆಲವರು ಆ ಒಂದು ಮಗುವಿಗೇ ಅಂಟಿಕೊಂಡು ಕೂರುತ್ತಾರೆ. ಇನ್ನು ಕೆಲವರು ಬೇರೆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಅಮೆರಿಕದಲ್ಲಿ ಶಿಕ್ಷಣ ಸಂಶೋಧಕ ಮೈಕಲ್ ಜಿಯಾನ್‌ಗ್ರೆಕೊ ಮತ್ತು ಜೊತೆಯವರು ಕ್ಲಾಸುಗಳಲ್ಲಿ ಕೂತು ಇದನ್ನೇ ಗಮನಿಸಿ 1997ರಲ್ಲಿ ಬರೆದರು. ಸಹಾಯಕರು ಸದಾ ಪಕ್ಕದಲ್ಲೇ ಇದ್ದರೆ ಉಳಿದ ಮಕ್ಕಳು ಹತ್ತಿರ ಬರುವುದು ಕಮ್ಮಿಯಾಗುತ್ತದೆ ಅಂತ. ಇದಕ್ಕೆ ಸಂಶೋಧನೆ ಯಾಕೆ ಬೇಕಿತ್ತು ಅನ್ನಿಸಬಹುದು. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಮಗುವಿನ ತಾಯಿಯನ್ನೇ ಕ್ಲಾಸಿನಲ್ಲಿ ಕೂರಿಸಿಕೊಳ್ಳುತ್ತಾರೆ. ಯಾರಾದರೂ ಇನ್ನೊಬ್ಬರ ಅಮ್ಮ ಪಕ್ಕದಲ್ಲಿ ಕೂತಿರುವಾಗ ಆ ಬೆಂಚಿಗೆ ಹೋಗಿ ತರಲೆ ಮಾಡುತ್ತಾರಾ?

ಇನ್ನೂ ಒಂದಿದೆ. ಟ್ಯೂರಿನ್‌ನ ಆ ಹುಡುಗನಿಗೆ ಸ್ನೇಹಿತರು ಇರುವುದು ಸಂಜೆ ಬೆಲ್ ಹೊಡೆಯುವವರೆಗೆ. ಆಮೇಲೆ ಎಲ್ಲರೂ ಅವರವರ ಫ್ಲ್ಯಾಟ್‌ಗೆ. ಯಾರ ಮನೆಗೂ ಹೇಳದೆ ಕೇಳದೆ ನುಗ್ಗುವಂತಿಲ್ಲ. ಹುಟ್ಟುಹಬ್ಬದ ಕರೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಅಕ್ಕನ ಮಗನಿಗೆ ಸಂಜೆಗಳು ಬೇಕಾದಷ್ಟಿವೆ. ಅದನ್ನು ಯಾವ ಕಾನೂನೂ ಕೊಟ್ಟಿದ್ದಲ್ಲ. ಟ್ಯೂರಿನ್‌ಗೆ ನಮ್ಮ ಕಣ ಬೇಕು, ನಮ್ಮ ಕಣಕ್ಕೆ ಆ ನಂಬರ್ ಕಾರ್ಡ್ ಬೇಕು.

ಗೋರ್ಡನ್ ಆಲ್‌ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದ: ಎರಡು ಬಗೆಯ ಜನರನ್ನು ಸುಮ್ನೆ ಒಂದೆಡೆ ಸೇರಿಸಿದರೆ ಸಾಲದು, ಅಲ್ಲಿ ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಇಬ್ಬರೂ ಸೇರಿ ಮಾಡುವ ಕೆಲಸ ಇರಬೇಕು, ದೊಡ್ಡವರ ಬೆಂಬಲವೂ ಇರಬೇಕು. ಅವನು ಬರೆದಿದ್ದು ಜನಾಂಗಗಳ ಬಗ್ಗೆ. ಆದರೆ ಶಾಲೆಯ ಸ್ಪೋರ್ಟ್ಸ್ ಡೇಗೆ ಹೋದರೆ ಇದೇ ನೆನಪಾಗುತ್ತದೆ. ಊರಲ್ಲಿ ಒಂದು ಸಲ ನೋಡಿದೆ. "ವಿಶೇಷ ಮಕ್ಕಳಿಗೆ" ಬೇರೆ ಓಟ, ಓಡಿದವರಿಗೆಲ್ಲ ಫಸ್ಟ್ ಪ್ರೈಜು, ಎಲ್ಲರಿಂದಲೂ ಜೋರು ಚಪ್ಪಾಳೆ, ಫೋಟೋ. ಮುಗಿಯಿತು. ಅದೇ ಮಕ್ಕಳನ್ನು ರಿಲೇ ತಂಡಗಳಿಗೆ ಒಬ್ಬೊಬ್ಬರಂತೆ ಹಂಚಿದ್ದರೆ, ಬ್ಯಾಟನ್ ಕೊಡುವವರಾದರೂ ಅವರ ಮುಖ ನೋಡುತ್ತಿದ್ದರು.

ಕೊಡಗಿನವರಿಗೆ ಇದನ್ನು ಕಲಿಸಬೇಕಾ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯನ್ನೇ ನೋಡಿ. ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಒಂದೇ ತಂಡದಲ್ಲಿ ಹುಡುಗ, ಹುಡುಗಿ, ತಲೆ ನರೆತ ದೊಡ್ಡಪ್ಪ ಎಲ್ಲರೂ ಆಡುತ್ತಾರೆ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳು ಬಂದಿದ್ದವು. ಅರವತ್ತು ದಾಟಿದವರು ಹೊಡೆದ ಗೋಲನ್ನು ಯಾರೂ ಅರ್ಧ ಗೋಲು ಅನ್ನುವುದಿಲ್ಲ.

2025ರ ಮಾರ್ಚ್‌ನಲ್ಲಿ, ಬುದ್ಧಿಮಾಂದ್ಯತೆ ಇರುವವರಿಗಾಗಿ ನಡೆಸುವ ಸ್ಪೆಷಲ್ ಒಲಿಂಪಿಕ್ಸ್‌ನ ಚಳಿಗಾಲದ ವಿಶ್ವಕೂಟ ನಡೆದಿದ್ದು ಟ್ಯೂರಿನ್‌ನಲ್ಲೇ. ಭಾರತದ ಮಕ್ಕಳೂ ಬಂದಿದ್ದರು. ಹಿಮದಾಟ ನಮಗೇನು ಗೊತ್ತು, ಆದರೆ ಅಲ್ಲಿ ಫ್ಲೋರ್‌ಬಾಲ್ ಇತ್ತು, ಒಳಾಂಗಣದಲ್ಲಿ ಸ್ಟಿಕ್ ಹಿಡಿದು ಆಡುವ ಆಟ. ಕೊಡಗಿನ ಕಣ್ಣಿಗೆ ಅದು ಹಾಕಿಯ ತಮ್ಮ. ಸ್ಪೆಷಲ್ ಒಲಿಂಪಿಕ್ಸ್‌ನವರದೇ ಯೂನಿಫೈಡ್ ಸ್ಪೋರ್ಟ್ಸ್ ಅನ್ನುವ ಪದ್ಧತಿಯೂ ಇದೆ. ಬುದ್ಧಿಮಾಂದ್ಯತೆ ಇರುವವರು, ಇಲ್ಲದವರು ಒಂದೇ ತಂಡದಲ್ಲಿ ಆಡಬೇಕು. ವಯಸ್ಸು, ಆಟದ ಮಟ್ಟ ಆದಷ್ಟು ಸಮ ಇರಬೇಕು. ಚೆನ್ನಾಗಿ ಆಡುವವನೊಬ್ಬ ಚೆಂಡನ್ನು ತಾನೇ ಇಟ್ಟುಕೊಂಡು ಮೆರೆದರೆ ಅದು ತಪ್ಪು. ಈ ಕೊನೆಯ ನಿಯಮ ನನಗೆ ತುಂಬಾ ಇಷ್ಟ.

ಏಪ್ರಿಲ್, ಮೇ ಬಂತೆಂದರೆ ಕೊಡಗಿನ ಊರೂರಲ್ಲಿ ಬೇಸಿಗೆ ಹಾಕಿ ಕ್ಯಾಂಪ್ ಇರುತ್ತದೆ. ಅಲ್ಲಿ ಒಂದು ಗುಂಪನ್ನು ಹೀಗೆ ಮಾಡಲಿ ಅನ್ನುವುದು ನನ್ನ ಆಸೆ. ಮೈದಾನ ಚಿಕ್ಕದಿರಲಿ, ಚೆಂಡು ಮೆತ್ತಗಿರಲಿ, ಎಲ್ಲರಿಗೂ. ಗೋಲು ಹೊಡೆದರೆ ಗೋಲೇ, ಫೌಲ್ ಮಾಡಿದರೆ ಫೌಲೇ.

ಫೋನಿನಲ್ಲಿ ಹೇಳಿದಾಗ ಅಕ್ಕ ಒಪ್ಪಲಿಲ್ಲ. "ನೀನು ಅಲ್ಲಿ ಕೂತು ಹೇಳ್ತೀಯ, ಇವನಿಗೇನಾದರೂ ಆದರೆ?" ಅವಳ ಭಯ ಸುಳ್ಳಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲ್ಭಾಗದ ಕೀಲು ಸಡಿಲ ಇರುತ್ತದೆ, ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಆಟಕ್ಕೆ ಬಿಡುವ ಮೊದಲು ಡಾಕ್ಟರಿಗೆ ತೋರಿಸಲೇಬೇಕು. ಮಡಿಕೇರಿಗೆ ಒಂದು ದಿನ ಕರೆದುಕೊಂಡು ಹೋಗು ಅಂದಿದ್ದೇನೆ. ಡಾಕ್ಟರ್ ಸರಿ ಅಂದ ಮೇಲೂ ಮಂಡಿ ಕೆತ್ತಿಕೊಂಡು ಬಂದರೆ, ಅವನ ತಂಗಿಗೆ ಬೈದುಕೊಂಡೇ ಅರಿಶಿನ ಹಚ್ಚುವ ಹಾಗೆ ಅವನಿಗೂ ಬೈದು ಹಚ್ಚಿದರಾಯಿತು.