ತೂಕ ಎತ್ತಿದರೆ ಮಕ್ಕಳು ಕುಳ್ಳಗಾಗುವುದಿಲ್ಲ

ಮಕ್ಕಳು ತೂಕ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಅನ್ನುವುದು ಸುಳ್ಳು ಎಂದು ಲೇಖನದಲ್ಲಿ ಬರೆದಿದ್ದೀರಿ. ತುಂಬಾ ಒಳ್ಳೆಯದಾಯಿತು. ಈ ಭಯದಿಂದಲೇ ನಾನು ಮಗಳನ್ನು ಎರಡು ವರ್ಷ ಜಿಮ್‌ನಿಂದ ದೂರ ಇಟ್ಟಿದ್ದೆ. ಜಿಗಿದು ನೆಲಕ್ಕೆ ಇಳಿಯುವಾಗ ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಎಷ್ಟೋ ಪಟ್ಟು ಇರುತ್ತದೆ, ಅಲ್ವಾ? ಅದಕ್ಕೆ ಯಾರೂ ಹೆದರುವುದಿಲ್ಲ.

ಅವಳು ಜಿಗಿದು ಇಳಿದಾಗ ಎರಡೂ ಮಂಡಿ ಒಳಕ್ಕೆ ವಾಲುತ್ತಿದ್ದವು. ಕೋಚ್ ಮೊದಲು ಕಬ್ಬಿಣ ಮುಟ್ಟಿಸಲೇ ಇಲ್ಲ. ಬರೀ ಕೋಲು ಹೆಗಲ ಮೇಲಿಟ್ಟು ಸ್ಕ್ವಾಟ್ (ಬಸ್ಕಿಯಂತೆ ಕುಳಿತು ಏಳುವುದು), ಮೆತ್ತಗೆ ಇಳಿಯುವ ಅಭ್ಯಾಸ, ವಾರಕ್ಕೆ 2 ದಿನ. ಮಂಡಿ ಪಾದದ ನೇರಕ್ಕೆ ಬಂದ ಮೇಲೆಯೇ ತೂಕ. ತೋಳು, ತೊಡೆ ದಪ್ಪ ಆಗಲಿಲ್ಲ, ಆದರೆ ಶಕ್ತಿ ಬಂತು. ಚಿಕ್ಕ ವಯಸ್ಸಲ್ಲಿ ಮೊದಲು ಪಳಗುವುದು ನರಗಳು, ಸ್ನಾಯು ದಪ್ಪ ಆಗುವುದು ಆಮೇಲೆ.

ದಿಢೀರ್ ಎತ್ತರ ಬೆಳೆಯುವ ತಿಂಗಳುಗಳ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು. ಆಗ ಮಂಡಿಚಿಪ್ಪಿನ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ ನೋವು ಬಂದರೆ ಸುಮ್ನೆ "ತಡ್ಕೋ" ಅನ್ನಬೇಡಿ. ಜಿಗಿತ ಕಡಿಮೆ ಮಾಡಿಸಿ, ವೈದ್ಯರಿಗೆ ತೋರಿಸಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಬೆಳಗಿನ 5 ಗಂಟೆಯ ಅಭ್ಯಾಸಕ್ಕಾಗಿ ಅದನ್ನು ಕತ್ತರಿಸುವ ಕೋಚ್‌ಗಳು ದಯವಿಟ್ಟು ಯೋಚಿಸಿ.